ತೋಟದ ಯೂರಿಯಾ, ಮನೆಯ ಬಾವಿ

ಮುಂಗಾರು ಸಮೀಪಿಸಿದಂತೆ ಗೊಬ್ಬರದ ಚೀಲಗಳು ತೋಟ ಸೇರುತ್ತವೆ. ಹಾಕಿದ್ದೆಲ್ಲ ಗಿಡಮರಗಳಿಗೇ ದಕ್ಕಿತೆಂದು ನಾವು ಭಾವಿಸುತ್ತೇವೆ. ಅದರಲ್ಲೊಂದು ಪಾಲು ಕುಡಿಯುವ ನೀರಿನ ಬಾವಿಗೂ ಇಳಿಯಬಲ್ಲದೆಂಬುದನ್ನು ಸದಸ್ಯ ಬಾಂಧವರು ಗಮನಿಸಬೇಕು.

ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಮಣ್ಣಿನ ಸೂಕ್ಷ್ಮಜೀವಿಗಳು ಇದನ್ನು ಕ್ರಮೇಣ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟನ್ನು ಮಣ್ಣು ಹಿಡಿದಿಟ್ಟುಕೊಳ್ಳಲಾರದು; ಬೇರು ಹೀರದೆ ಉಳಿದದ್ದು ಮಳೆನೀರಿನೊಡನೆ ಬಸಿದುಹೋಗುತ್ತದೆ. ಕೊಟ್ಟಿಗೆ, ತಿಪ್ಪೆ, ಪಾಯಿಖಾನೆ ಗುಂಡಿಗಳಿಂದಲೂ ನೈಟ್ರೇಟ್ ಬಾವಿ ಸೇರುತ್ತದೆ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಒಂದು ಕಿಲೋ ಯೂರಿಯಾದ ಸಾರಜನಕವೆಲ್ಲ ನೈಟ್ರೇಟಾಗಿ ನೀರಿಗಿಳಿದರೆ, ಸುಮಾರು 45,000 ಲೀಟರ್ ಶುದ್ಧ ನೀರನ್ನು ಈ ಮಿತಿಗೆ ಮುಟ್ಟಿಸಲು ಅಷ್ಟೇ ಸಾಕು.

ಹೆಚ್ಚಿನ ಅಪಾಯ ಆರು ತಿಂಗಳೊಳಗಿನ ಶಿಶುಗಳಿಗೆ. ಅದರಲ್ಲೂ ಇಂಥ ನೀರಿನಲ್ಲಿ ಕದಡಿದ ಪುಡಿಹಾಲು ಕುಡಿಯುವ ಕೂಸುಗಳಿಗೆ. ರಕ್ತವು ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮಗುವಿನ ತುಟಿ, ಉಗುರು ನೀಲಿಗಟ್ಟುತ್ತವೆ. ಕೂಡಲೇ ಚಿಕಿತ್ಸೆ ದೊರೆಯದಿದ್ದರೆ ಪ್ರಾಣಕ್ಕೇ ಸಂಚಕಾರ. ಬಾವಿ ನೀರಿಗೂ ಈ ಕಾಯಿಲೆಗೂ ಇರುವ ನಂಟನ್ನು 1945ರಲ್ಲಿ ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ ಬೆಳಕಿಗೆ ತಂದರು.

ಈ ನೀರಿಗೆ ಬೇರೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ನೈಟ್ರೇಟ್ ಹೋಗದು. ನೀರು ಆವಿಯಾದಷ್ಟೂ ಅದು ಇನ್ನೂ ಗಟ್ಟಿಯಾಗುತ್ತದೆ. ಬ್ಲೀಚಿಂಗ್ ಪುಡಿಯಿಂದಲೂ ಪ್ರಯೋಜನವಿಲ್ಲ. ಪರೀಕ್ಷೆಯೊಂದೇ ದಾರಿ.

ಬೆಳೆಗಾರರು ಅನುಸರಿಸಬೇಕಾದ ಕ್ರಮಗಳು:

1. ಫಲ ಕೊಡುವ ಅಡಿಕೆ ಮರಕ್ಕೆ ಶಿಫಾರಸಾದ ಸಾರಜನಕ ವರ್ಷಕ್ಕೆ 100 ಗ್ರಾಂ. ಅಂದರೆ ಸುಮಾರು 220 ಗ್ರಾಂ ಯೂರಿಯಾ. ಬೇರೆ ಗೊಬ್ಬರದಲ್ಲಿ ಸಾರಜನಕವಿದ್ದರೆ ಯೂರಿಯಾವನ್ನು ಅಷ್ಟಕ್ಕೆ ತಗ್ಗಿಸಿ.

2. ಒಂದೇ ಸಲಕ್ಕೆ ಸುರಿಯದೆ ಮುಂಗಾರಿನ ಮುನ್ನ ಒಮ್ಮೆ, ಮಳೆ ಇಳಿದ ಮೇಲೆ ಒಮ್ಮೆ ಕೊಡಿ. ಜಡಿಮಳೆಯಲ್ಲಿ ಬೇಡ. ಕಾಫಿಗೂ ಮಣ್ಣು ಪರೀಕ್ಷೆ ಮಾಡಿಸಿ, ಕಂತುಗಳಲ್ಲಿ ಕೊಡುವುದೇ ಲೇಸು.

3. ತಿಪ್ಪೆಗುಂಡಿ ಬಾವಿಯಿಂದ ದೂರ, ತಗ್ಗಿನ ಕಡೆ ಇರಲಿ. ಬಾವಿಕಟ್ಟೆ ಎತ್ತರಿಸಿ, ಹರಿದುಬರುವ ಮಳೆನೀರನ್ನು ತಡೆಯಿರಿ.

4. ಮಗಳು, ಸೊಸೆ ಬಾಣಂತನಕ್ಕೆ ಬರುವ ಮುನ್ನವೇ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ ನೀರು ಪರೀಕ್ಷೆ ಮಾಡಿಸಿ. ವರದಿಯಲ್ಲಿ 'ನೈಟ್ರೇಟ್ ಸಾರಜನಕ' ಎಂದಿದ್ದರೆ ಮಿತಿ ಸುಮಾರು 10 ಮಿಲಿಗ್ರಾಂ ಎಂಬುದು ನೆನಪಿರಲಿ.

5. ಮಿತಿ ಮೀರಿದ್ದರೆ ಶಿಶುವಿಗೆ ಆ ನೀರು ಬೇಡವೇ ಬೇಡ. ಪರೀಕ್ಷಿಸಿದ ಬೇರೆ ನೀರು ತನ್ನಿ. ತಾಯಿಯ ಹಾಲೇ ಎಲ್ಲಕ್ಕಿಂತ ಉತ್ತಮ.

ಬಾವಿಗಿಳಿದ ಗೊಬ್ಬರದಿಂದ ತೋಟಕ್ಕೆ ಲಾಭವಿಲ್ಲ. ಅಳತೆಯರಿತು ಹಾಕಿದರೆ ಚೀಲದ ಹಣವೂ ಉಳಿದೀತು, ಮನೆಯ ಮಗುವಿಗೂ ಕ್ಷೇಮ.