ಹೃದಯದ ಅಳಿವೆ, ಮನಸ್ಸಿನ ಅಳುಕು

ಉಡುಪಿ ಜಿಲ್ಲೆಯ ಹೆಜಮಾಡಿ ಕೋಡಿಯ ಬಳಿ ಶಾಂಭವೀ ನದಿಯು ಕಡಲನ್ನು ಕೂಡುತ್ತದೆ. ಯಾವುದೇ ಅಳಿವೆಯ ಬಾಯಲ್ಲಿ ಮರಳು ಕೂಡುತ್ತ ಬಂದರೆ ಬೇಸಗೆಯಲ್ಲಿ ಅದರ ತೊಂದರೆ ಅಷ್ಟಾಗಿ ತೋರದು. ಮಳೆಗಾಲದ ನೆರೆ ಬಂದಾಗಲೇ ನೀರು ಹಿಂದಕ್ಕೆ ಒತ್ತಿ ಗದ್ದೆತೋಟಗಳನ್ನು ಹೊಗುತ್ತದೆ. ನಮ್ಮ ಹೃದಯದಲ್ಲಿಯೂ ಇಂತಹದೊಂದು ಸಂಗತಿ ನಡೆಯುವುದುಂಟು.

ಹೃದಯಕ್ಕೆ ನಾಲ್ಕು ಕವಾಟಗಳಿವೆ. ಶ್ವಾಸಕೋಶದಿಂದ ಬಂದ ರಕ್ತವನ್ನು ಎಡಗಡೆಯ ಮೇಲುಕೋಣೆಯಿಂದ ಕೆಳಕೋಣೆಗೆ ಬಿಡುವುದು ಮೈಟ್ರಲ್ ಕವಾಟ. ಎಳವೆಯಲ್ಲಿ ಗಂಟಲುನೋವಿನ ಹಿಂದೆಯೇ ಬರುವ ರುಮ್ಯಾಟಿಕ್ ಜ್ವರವು ಇದರ ದಳಗಳನ್ನು ಕೆಡಿಸಬಲ್ಲದು. 4ರಿಂದ 6 ಚದರ ಸೆಂಟಿಮೀಟರಿನಷ್ಟು ಅಗಲವಾಗಿದ್ದ ದ್ವಾರವು ವರ್ಷಗಳುರುಳಿದಂತೆ 1.5ಕ್ಕೂ ಕೆಳಗಿಳಿಯಬಹುದು. ಅಲ್ಲಿಯವರೆಗೆ ದೇಹವು ಹೇಗೋ ಹೊಂದಿಕೊಂಡಿರುತ್ತದೆ. ಒಂದು ದಿನ ಹೃದಯದ ಲಯ ತಪ್ಪಿ ಬಡಿತವು ವೇಗಗೊಂಡಿತೆನ್ನಿ. ನಿನ್ನೆಯವರೆಗೆ ಮನೆಗೆಲಸವನ್ನೆಲ್ಲ ಮಾಡುತ್ತಿದ್ದವರು ನಾಲ್ಕು ಮೆಟ್ಟಲು ಹತ್ತಲಾರದೆ ಕುಳಿತುಬಿಡುತ್ತಾರೆ. ವೈದ್ಯರು ಶಸ್ತ್ರಕ್ರಿಯೆಯ ಮಾತೆತ್ತಿದೊಡನೆ ಮನೆಯನ್ನೆಲ್ಲ ಅಂಜಿಕೆ ಕವಿಯುತ್ತದೆ.

ಈ ಅಂಜಿಕೆಯು ಬರಿಯ ಮನಸ್ಸಿನ ವ್ಯಾಪಾರವೆಂದು ನಾವು ಭಾವಿಸಬಾರದು. ಹೆದರಿದಾಗ ಅಡ್ರಿನಲಿನ್ ರಸವು ರಕ್ತಕ್ಕೆ ಸೇರಿ ಹೃದಯವನ್ನು ಓಡಿಸುತ್ತದೆ. ನಿಮಿಷಕ್ಕೆ 72 ಬಡಿತವಿದ್ದಾಗ ಕೆಳಕೋಣೆ ತುಂಬಲು ಪ್ರತಿ ಬಡಿತದಲ್ಲಿ ಸುಮಾರು ಅರ್ಧ ಸೆಕೆಂಡು ದೊರೆಯುತ್ತದೆ. 120 ಆದಾಗ ಕಾಲು ಸೆಕೆಂಡಿನಷ್ಟೇ. ಬಾಗಿಲೂ ಕಿರಿದು, ವೇಳೆಯೂ ಕಿರಿದು! ದಾಟಲಾರದ ರಕ್ತವು ಶ್ವಾಸಕೋಶದತ್ತ ಹಿಂದೊತ್ತುತ್ತದೆ, ಉಸಿರು ಕಟ್ಟುತ್ತದೆ, ಉಸಿರು ಕಟ್ಟಿದಷ್ಟೂ ಭಯವು ಹೆಚ್ಚುತ್ತದೆ. ಆದುದರಿಂದ ಕವಾಟದ ರೋಗಿಗೆ ಮೇಲುಸಿರು ಬಂದಾಗ "ಸುಮ್ಮನೆ ಹೆದರಬೇಡ" ಎಂದು ಹೇಳಿ ಬಿಟ್ಟುಬಿಡುವುದು ಸರಿಯಲ್ಲ. ಒಡನೆಯೇ ವೈದ್ಯರಿಗೆ ತಿಳಿಸಬೇಕು.

ಹಾಗಾದರೆ ಭಯಕ್ಕೆ ಮದ್ದೇನು? 1964ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯ ಎಗ್ಬರ್ಟ್ ಮತ್ತು ಸಂಗಡಿಗರು ಹೊಟ್ಟೆಯ ಶಸ್ತ್ರಕ್ರಿಯೆಗೆ ಬಂದಿದ್ದ 97 ಮಂದಿಯಲ್ಲಿ ಒಂದು ಪಂಗಡಕ್ಕೆ ನೋವು ಎಲ್ಲಿ, ಏಕೆ ಬರುವುದು, ತಗ್ಗಿಸುವುದು ಹೇಗೆಂದು ಮೊದಲೇ ತಿಳಿಯಹೇಳಿದರು. ಆ ಪಂಗಡದವರಿಗೆ ನೋವಿನ ಮದ್ದು ಸುಮಾರು ಅರ್ಧದಷ್ಟೇ ಸಾಕಾಯಿತು. ಅದು ಹೃದಯದ ಶಸ್ತ್ರಕ್ರಿಯೆಯಲ್ಲವಾದರೂ ತಿಳಿವಳಿಕೆಗೆ ಮದ್ದಿನ ಗುಣವುಂಟೆಂಬುದು ಅದರಿಂದ ಸ್ಪಷ್ಟವಾಯಿತು.

"ಹೃದಯವನ್ನೇ ನಿಲ್ಲಿಸುವರಂತೆ" ಎಂಬುದು ರೋಗಿಯ ದೊಡ್ಡ ದಿಗಿಲು. ನಿಲ್ಲಿಸುವುದು ನಿಜ, ಆದರೆ ಆ ಹೊತ್ತಿನಲ್ಲಿ ಯಂತ್ರವೊಂದು ರಕ್ತಕ್ಕೆ ಪ್ರಾಣವಾಯುವನ್ನು ಕೂಡಿಸಿ ಮೈಯೆಲ್ಲಕ್ಕೂ ಹರಿಸುತ್ತಿರುತ್ತದೆ. ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದ 1953ರಲ್ಲಿಯೇ ಅಮೆರಿಕದ ಗಿಬ್ಬನ್ ಈ ಯಂತ್ರದಿಂದ ಮೊದಲ ಬಾರಿಗೆ ಯಶಸ್ಸು ಪಡೆದರು. 1960ರಲ್ಲಿ ಸ್ಟಾರ್ ಎಂಬ ವೈದ್ಯರು ಕೃತಕ ಮೈಟ್ರಲ್ ಕವಾಟವನ್ನು ಜೋಡಿಸಿದರು. 1990ರಲ್ಲಿ ತಿರುವನಂತಪುರದಲ್ಲಿ ನಮ್ಮ ದೇಶದ್ದೇ ಆದ ಚಿತ್ರಾ ಕವಾಟವು ಬಳಕೆಗೆ ಬಂದಿತು.

ಅಪಾಯವೇ ಇಲ್ಲವೆಂದು ಯಾವ ವೈದ್ಯರೂ ಹೇಳಲಾರರು. ಆದರೆ ಅಪಾಯವೆಷ್ಟು, ಎಚ್ಚರವಾದಾಗ ಮೈಮೇಲೆ ಯಾವ ನಳಿಕೆಗಳಿರುವುವು, ಎಷ್ಟು ದಿನಕ್ಕೆ ನಡೆಯಬಹುದು ಎಂದು ಕೇಳುವ ಹಕ್ಕು ರೋಗಿಗೆ ಉಂಟು. ಕೇಳಲು ಅವರಿಗೆ ನಾಲಗೆ ಏಳದಿದ್ದರೆ, ಓದಿದ ಮಕ್ಕಳು ಪ್ರಶ್ನೆಗಳನ್ನು ಬರೆದುಕೊಂಡು ಅವರ ಜೊತೆಗೆ ಹೋಗಬಹುದು.