ಸ್ತರಭಂಗಗಳ ವಿಕಾಸ ಹಾಗೂ ಜಾರುವಿಕೆಯ ವೇಗ

ಭೂಮಿಯ ಹೊರಪದರದ ಶಿಲೆಗಳು ಒತ್ತಡಕ್ಕೆ ಸಿಲುಕಿ ಬಿರುಕುಬಿಟ್ಟು, ಬಿರುಕಿನ ಎರಡೂ ಪಾರ್ಶ್ವಗಳು ಪರಸ್ಪರ ಸರಿದಾಗ ಅದನ್ನು ಸ್ತರಭಂಗವೆನ್ನುತ್ತಾರೆ. ಹೀಗೆ ಸರಿದ ಅಂತರವನ್ನು ಅದಕ್ಕೆ ತಗುಲಿದ ಕಾಲದಿಂದ ಭಾಗಿಸಿದರೆ ಜಾರುವಿಕೆಯ ವೇಗ ದೊರೆಯುತ್ತದೆ. ಭೂಕಂಪದ ಅಪಾಯವನ್ನು ಅಂದಾಜು ಮಾಡುವಲ್ಲಿ ಈ ಸಂಖ್ಯೆ ಪ್ರಮುಖ ಆಧಾರ. ಆದರೆ ಅದು ಸ್ಥಿರವಾದುದೇ ಎಂಬುದು ವಿಚಾರಾರ್ಹ.

ಸ್ತರಭಂಗವು ಒಮ್ಮೆಲೇ ಪೂರ್ಣರೂಪದಲ್ಲಿ ಹುಟ್ಟುವುದಿಲ್ಲ. ಮೊದಲು ಬಿಡಿಬಿಡಿಯಾದ ಚಿಕ್ಕ ಸ್ತರಭಂಗಗಳು ತಲೆದೋರಿ, ಉದ್ದವಾಗುತ್ತ ಹೋಗಿ, ತುದಿಗಳು ಸಮೀಪಿಸಿದಾಗ ಒಂದನ್ನೊಂದು ಕೂಡಿಕೊಳ್ಳುತ್ತವೆ. ಹೀಗೆ ಬೆಳೆದ ದೊಡ್ಡ ಸ್ತರಭಂಗದಲ್ಲಿ ಚಲನೆಯು ಕೇಂದ್ರೀಕೃತವಾಗಿ ವೇಗ ಹೆಚ್ಚುತ್ತದೆ. ನೆರೆಯ ಚಿಕ್ಕವು ಕ್ರಮೇಣ ನಿಷ್ಕ್ರಿಯವಾಗುತ್ತವೆ. ಲಕ್ಷಾಂತರ ವರ್ಷಗಳ ಈ ವಿಕಾಸವಲ್ಲದೆ, ಸಾವಿರಾರು ವರ್ಷಗಳ ಅವಧಿಯಲ್ಲಿಯೂ ವೇಗವು ಏರಿಳಿಯಬಲ್ಲದು. ಕ್ಯಾಲಿಫೋರ್ನಿಯಾದ ಎರಡು ಸ್ತರಭಂಗಗಳನ್ನು ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ.

ಸ್ಯಾನ್ ಆಂಡ್ರಿಯಾಸ್ ಸ್ತರಭಂಗವನ್ನು ದಾಟುವ ವಾಲೇಸ್ ಕ್ರೀಕ್ ಎಂಬ ತೊರೆಯನ್ನು ಕೆರಿ ಸೀ ಮತ್ತು ರಿಚರ್ಡ್ ಜಾನ್ಸ್ ಅಭ್ಯಸಿಸಿ 1984ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ತೊರೆಯ ಪಾತ್ರವು ಸುಮಾರು 3,700 ವರ್ಷಗಳಲ್ಲಿ 128 ಮೀಟರ್ ಸರಿದಿತ್ತು; ತೊರೆ ತ್ಯಜಿಸಿದ ಹಳೆಯ ಪಾತ್ರವು ಸುಮಾರು 13,000 ವರ್ಷಗಳಲ್ಲಿ 475 ಮೀಟರ್ ಸರಿದಿತ್ತು. ಎರಡೂ ಅವಧಿಗಳಲ್ಲಿ ವೇಗವು ವರ್ಷಕ್ಕೆ ಸುಮಾರು 35 ಮಿಲಿಮೀಟರ್. ಇಲ್ಲಿ ವೇಗವು ಬಹುಮಟ್ಟಿಗೆ ಏಕರೂಪದ್ದು.

ಮೊಹಾವೆ ಮರುಭೂಮಿಯ ಉತ್ತರದಂಚಿನಲ್ಲಿ ಹಾದು ಪಶ್ಚಿಮದ ತುದಿಯಲ್ಲಿ ಸ್ಯಾನ್ ಆಂಡ್ರಿಯಾಸ್ ಅನ್ನು ಕೂಡುವ ಗಾರ್ಲಾಕ್ ಸ್ತರಭಂಗದ ಚರಿತ್ರೆ ಬೇರೆಯೇ ಆಗಿದೆ. ಅಲ್ಲಿ ಕಂದಕ ತೋಡಿ ಮಣ್ಣಿನ ಪದರಗಳನ್ನು ಪರೀಕ್ಷಿಸಿದಾಗ, ಸುಮಾರು 3,000 ವರ್ಷಗಳ ದೀರ್ಘ ಮೌನದ ಬಳಿಕ, ಇಂದಿಗೆ 2,000ದಿಂದ 500 ವರ್ಷಗಳ ಹಿಂದಿನ ಅವಧಿಯಲ್ಲಿ ನಾಲ್ಕು ದೊಡ್ಡ ಭೂಕಂಪಗಳು ಸಂಭವಿಸಿರುವುದು ಕಂಡುಬಂದಿತು. ಕಳೆದ ಸುಮಾರು 2,000 ವರ್ಷಗಳ ವೇಗವು ವರ್ಷಕ್ಕೆ ಸುಮಾರು 14 ಮಿಲಿಮೀಟರ್; ದೀರ್ಘಕಾಲದ ಸರಾಸರಿ ಅದರ ಅರ್ಧದಷ್ಟು ಮಾತ್ರ. ಉಪಗ್ರಹಾಧಾರಿತ ಮಾಪನಗಳಲ್ಲಿ ಇಂದಿನ ಚಲನೆ ಇನ್ನೂ ಅಲ್ಪವಾಗಿದೆ.

ನೆರೆಯ ಸ್ತರಭಂಗಗಳು ಚಲನೆಯ ಹೊರೆಯನ್ನು ಸರದಿಯಂತೆ ಹಂಚಿಕೊಳ್ಳುವುದೇ ಇದಕ್ಕೆ ಕಾರಣವಿರಬಹುದೆಂಬುದು ಒಂದು ಪ್ರತಿಪಾದನೆ. ಒಂದು ಚುರುಕಾದಾಗ ಇನ್ನೊಂದು ವಿರಮಿಸುತ್ತದೆ. ಸ್ತರಭಂಗವು ಕಾಲಾಂತರದಲ್ಲಿ ದುರ್ಬಲಗೊಂಡು ಮತ್ತೆ ಗಟ್ಟಿಯಾಗುವುದೂ ಕಾರಣವೆಂದು ಕೆಲವರು ವಾದಿಸುತ್ತಾರೆ.

ಆದುದರಿಂದ ಜಾರುವಿಕೆಯ ವೇಗವನ್ನು ಹೇಳುವಾಗ ಅದನ್ನು ಅಳೆದ ಕಾಲಾವಧಿಯನ್ನೂ ಹೇಳುವುದು ಅವಶ್ಯ. ಕೆಲವು ದಶಕಗಳ ಮಾಪನವನ್ನಷ್ಟೇ ನೆಚ್ಚಿದರೆ ಗಾರ್ಲಾಕ್ ನಿರಪಾಯಕಾರಿಯೆಂದು ತೋರೀತು. ಮಣ್ಣಿನ ಪದರಗಳ ಸಾಕ್ಷ್ಯವು ಅಂತಹ ನಿರ್ಣಯಕ್ಕೆ ಅವಕಾಶ ಕೊಡುವುದಿಲ್ಲ.