ಬೀಗವನ್ನೊಡೆದರೆ ಸಾಲದು

ಒಡಿಶಾದ ಪುರಿ ಜಗನ್ನಾಥ ದೇವಾಲಯದ ರತ್ನಭಂಡಾರದ ವೃತ್ತಾಂತವು ನಮ್ಮ ವಾಚಕರಿಗೆ ಅಪರಿಚಿತವಲ್ಲ. 2018ರ ಏಪ್ರಿಲ್ 4ರಂದು ಪರೀಕ್ಷಾರ್ಥವಾಗಿ ಹೋದ ಅಧಿಕಾರಿಗಳು, ಒಳಕೋಣೆಯ ಕೀಲಿಕೈ ದೊರೆಯದೆ, ಸರಳುಗಳ ಸಂದಿನಿಂದ ದೀಪ ಹಾಯಿಸಿ ನೋಡಿ ಹಿಂದಿರುಗಿದರು. ತರುವಾಯ ಜಿಲ್ಲಾ ಕಚೇರಿಯ ದಫ್ತರದಲ್ಲಿ ನಕಲು ಕೀಲಿಕೈಗಳ ಲಕೋಟೆಯೊಂದು ಪತ್ತೆಯಾಯಿತು. 2024ರ ಜುಲೈ 14ರಂದು ಅವುಗಳಿಂದಲೂ ಕಾರ್ಯವಾಗದಿರಲು, ಮ್ಯಾಜಿಸ್ಟ್ರೇಟರ ಸಮಕ್ಷಮದಲ್ಲಿ ಮೂರು ಬೀಗಗಳನ್ನು ಕತ್ತರಿಸಬೇಕಾಯಿತು.

ಬೀಗ ಕತ್ತರಿಸಲು ಗಳಿಗೆ ಸಾಕು. ಬೆಲೆ ಕಟ್ಟುವ ಕಾರ್ಯವು ಹಾಗಲ್ಲ. 1978ರಲ್ಲಿ ಚಿನ್ನದ 454 ಹಾಗೂ ಬೆಳ್ಳಿಯ 293 ವಸ್ತುಗಳನ್ನು ಪಟ್ಟಿ ಮಾಡಲು ಮೇ 13ರಿಂದ ಜುಲೈ 23ರವರೆಗೆ ಹಿಡಿಯಿತು. ಪರಿಶೋಧಕರಿಗೆ ಆ ಪಟ್ಟಿಯೇ ಒರೆಗಲ್ಲು. ಒಂದೊಂದು ಒಡವೆಯನ್ನೂ ತೂಗಿ, ಛಾಯಾಚಿತ್ರ ತೆಗೆದು, ಪಟ್ಟಿಯೊಡನೆ ತಾಳೆ ನೋಡಿದ ತರುವಾಯವೇ ಬೆಲೆಯ ಮಾತು. ಚಿನ್ನಕ್ಕೆ ಪೇಟೆಯ ಧಾರಣೆಯುಂಟು. ಪೂರ್ವಿಕ ಅಕ್ಕಸಾಲಿಗರ ಕುಶಲತೆಗೂ ಅರ್ಪಿಸಿದವರ ಭಕ್ತಿಗೂ ಧಾರಣೆಯೆಲ್ಲಿಯದು?

ನಾಲ್ಕು ದಶಕಗಳಿಗೂ ಮಿಕ್ಕಿ ಪೂರ್ಣ ಲೆಕ್ಕ ನೋಡದೆ ಬಿಟ್ಟ ಭಂಡಾರದಲ್ಲಿ ಒಂದು ಗುಲಗಂಜಿಯ ತೂಕವೂ ಕಡಿಮೆಯಾಗಿಲ್ಲವೆಂದೇ ಇಟ್ಟುಕೊಳ್ಳೋಣ. ಆದರೂ ಜನರ ವಿಶ್ವಾಸವು ಸವೆದಿರುವುದು. ಕಳ್ಳನಿಗಿಂತ ಮೊದಲು ಭಂಡಾರವನ್ನು ಬರಿದುಮಾಡುವುದು ಅಲಕ್ಷ್ಯವೇ.

ಆದುದರಿಂದ ಯಾವ ದೇವಾಲಯದ್ದೇ ಆಗಲಿ, ಸಾರ್ವಜನಿಕ ನಿಧಿಯ ಕೀಲಿಕೈ ಯಾರ ವಶದಲ್ಲಿದೆ, ಪಟ್ಟಿಯನ್ನು ಎಂದು ತಾಳೆ ನೋಡಲಾಯಿತು ಎಂಬುದನ್ನು ವರ್ಷಕ್ಕೊಮ್ಮೆ ಪ್ರಕಟಿಸತಕ್ಕದ್ದೆಂದು ನಾವು ಆಗ್ರಹಪಡಿಸುತ್ತೇವೆ. ದೇವರ ಸೊತ್ತಿಗೆ ಲೆಕ್ಕ ಕೇಳುವುದು ಅಪಚಾರವಲ್ಲ, ಲೆಕ್ಕವಿಡದಿರುವುದೇ ಅಪಚಾರ.